ತೆನೆ ಬಿಟ್ಟ ತುಳಸಿ

ಬೆಳಗಾವಿ ಜಿಲ್ಲೆಯ ಚಿಕ್ಕೋಡಿ ತಾಲ್ಲೂಕಿನಲ್ಲಿ, ಕೃಷ್ಣಾ ನದಿಯ ದಡದ ಮೇಲೆ, ಯಡೂರು ಎಂಬ ಗ್ರಾಮವಿದೆ. ವೀರಭದ್ರೇಶ್ವರನ ಕ್ಷೇತ್ರವೆಂದು ಈ ಊರು ಕರ್ನಾಟಕದಲ್ಲಿಯೂ ನೆರೆಯ ಮಹಾರಾಷ್ಟ್ರದಲ್ಲಿಯೂ ಹೆಸರಾಗಿದೆ. ಸಹ್ಯಾದ್ರಿಯ ಮಹಾಬಲೇಶ್ವರದಲ್ಲಿ ಹುಟ್ಟಿದ ಕೃಷ್ಣೆ ಮಹಾರಾಷ್ಟ್ರದ ಬಯಲನ್ನು ದಾಟಿ ಇಲ್ಲಿಗೆ ಬರುವಷ್ಟರಲ್ಲಿ ವಿಶಾಲವಾಗಿ ಹರಿಯತೊಡಗುತ್ತಾಳೆ. ಅವಳು ಕೊಟ್ಟ ನೀರಿನಿಂದಲೂ ಮೆಕ್ಕಲು ಮಣ್ಣಿನಿಂದಲೂ ಈ ಭಾಗದ ಕಪ್ಪು ನೆಲ ಸಮೃದ್ಧವಾಗಿದೆ. ಯಡೂರು, ಮಾಂಜರಿ, ಅಂಕಲಿ, ಕಲ್ಲೋಳ ಮೊದಲಾದ ಊರುಗಳ ಹೊಲಗಳಲ್ಲಿ ನಿಂತು ನೋಡಿದರೆ ಬಹುದೂರದವರೆಗೆ ಕಾಣುವುದು ಕಬ್ಬಿನ ಹಸುರೇ.

ಮನುಷ್ಯನ ಕಣ್ಣಿಗೆ ಈ ಹಸುರು ಸಂಪತ್ತಿನ ಗುರುತು. ಆದರೆ ಹೂವನ್ನು ಅರಸಿ ಹೊರಟ ಜೇನುನೊಣಕ್ಕೆ ಅದು ಬರಿಯ ಬಯಲು. ಕಬ್ಬನ್ನು ರೈತರು ಬೀಜ ಬಿತ್ತಿ ಬೆಳೆಯುವುದಿಲ್ಲ. ಕಣ್ಣುಗಳುಳ್ಳ ತುಂಡುಗಳನ್ನು ನೆಟ್ಟು ಬೆಳೆಯುತ್ತಾರೆ. ಅದು ಹೂ ಬಿಟ್ಟು ಕಾಯಿ ಕಟ್ಟಬೇಕಾದ ಅಗತ್ಯವೇ ಇಲ್ಲ. ಒಂದು ವೇಳೆ ಸೂಲಂಗಿ ಮೂಡಿದರೂ ಅದರ ಪರಾಗವನ್ನು ಒಯ್ಯುವುದು ಗಾಳಿಯೇ ಹೊರತು ಕೀಟವಲ್ಲ. ಅದರಲ್ಲಿ ಮಕರಂದವೂ ಇಲ್ಲ. ಇನ್ನು ನಿಪ್ಪಾಣಿಯ ಸುತ್ತಿನಲ್ಲಿ ಬೀಡಿ ತಂಬಾಕು ಬಹುಕಾಲದಿಂದ ಬೆಳೆಯುತ್ತ ಬಂದಿರುವ ಬೆಳೆ. ಎಲೆ ದಪ್ಪವಾಗಿ ಬೆಳೆಯಲೆಂದು ತಂಬಾಕಿನ ಹೂಗೊಂಚಲನ್ನು ಮೂಡುತ್ತಲೇ ಮುರಿದುಹಾಕುವುದು ಅಲ್ಲಿಯ ಪದ್ಧತಿ. ಹೀಗೆ ಒಂದು ಬೆಳೆಗೆ ಹೂ ಬೇಡ; ಇನ್ನೊಂದು ಬೆಳೆಯಲ್ಲಿ ಹೂವನ್ನು ಇರಗೊಡಿಸುವುದಿಲ್ಲ. ಹಿಂದೆ ಬದುಗಳ ಮೇಲೆ ತಾನಾಗಿ ಹುಟ್ಟುತ್ತಿದ್ದ ತುಂಬೆ ಮೊದಲಾದ ಗಿಡಗಳು ಬದು ಕಿರಿದಾದಂತೆಯೂ ಕಳೆನಾಶಕದ ಬಳಕೆ ಹೆಚ್ಚಿದಂತೆಯೂ ಕಡಮೆಯಾಗುತ್ತ ಬಂದಿವೆ.

ಜೇನಿಗೆ ಹೂವಿಲ್ಲದಿದ್ದರೆ ರೈತನಿಗೇನು ನಷ್ಟ ಎಂದು ಕೇಳಬಹುದು. ಕಬ್ಬಿನ ಗದ್ದೆಯಲ್ಲಿ ನಿಂತು ಕೇಳಿದರೆ ಈ ಪ್ರಶ್ನೆಗೆ ಉತ್ತರ ಸಿಕ್ಕದು. ಮನೆಯ ಹಿತ್ತಿಲಿಗೆ ಬಂದರೆ ಉತ್ತರ ಕಣ್ಣೆದುರಿಗೇ ಇರುತ್ತದೆ. ಕುಂಬಳ, ಹೀರೆ, ಸೌತೆ ಮೊದಲಾದ ಬಳ್ಳಿಗಳಲ್ಲಿ ಗಂಡು ಹೂವೂ ಹೆಣ್ಣು ಹೂವೂ ಬೇರೆ ಬೇರೆಯಾಗಿರುತ್ತವೆ. ಗಂಡು ಹೂವಿನ ಪರಾಗವನ್ನು ಕೀಟಗಳು ಹೆಣ್ಣು ಹೂವಿಗೆ ಮುಟ್ಟಿಸಬೇಕು. ಇಲ್ಲವಾದರೆ ಎಳೆಯ ಕಾಯಿ ಹಳದಿಯಾಗಿ ಉದುರಿಹೋಗುತ್ತದೆ. ಸೂರ್ಯಕಾಂತಿಯ ಕಾಳು ತುಂಬುವುದಕ್ಕೂ ಬೀಜಕ್ಕಾಗಿ ಬೆಳೆದ ಈರುಳ್ಳಿ ಕಾಳು ಕಟ್ಟುವುದಕ್ಕೂ ಜೇನಿನ ನೆರವು ಬೇಕು. ಆದುದರಿಂದ ಜೇನು ಬಾರದ ಊರಿನಲ್ಲಿ ಕಬ್ಬು ಬೆಳೆದೀತು. ತರಕಾರಿಯ ಬುಟ್ಟಿ ತುಂಬುವುದು ಕಷ್ಟ. ಬಳ್ಳಿಗಳು ಹೂ ಬಿಡುವುದು ಕೆಲವೇ ವಾರ. ಉಳಿದ ದಿನಗಳಲ್ಲಿ ಜೇನು ಎಲ್ಲಿ ಉಣ್ಣಬೇಕು? ಅದಕ್ಕೆ ಒಂದು ಸುಲಭವಾದ ಉತ್ತರ ಈ ನಾಡಿನ ಅಂಗಳದಲ್ಲಿಯೇ ಇದೆ. ಅದೇ ತುಳಸಿ.

ತುಳಸಿ ಭಾರತದ ನೆಲದ ಗಿಡ. ಅದು ತುಂಬೆ, ಪುದೀನ, ದೊಡ್ಡಪತ್ರೆ, ಕಾಮಕಸ್ತೂರಿಗಳನ್ನು ಒಳಗೊಂಡ ಸಸ್ಯಕುಟುಂಬಕ್ಕೆ ಸೇರಿದೆ. ಈ ಕುಟುಂಬದ ಗಿಡಗಳನ್ನು ಗುರುತಿಸುವುದು ಕಷ್ಟವಲ್ಲ. ಎಳೆಯ ಕಾಂಡವನ್ನು ಎರಡು ಬೆರಳುಗಳ ನಡುವೆ ಹಿಡಿದು ತಿರುಗಿಸಿದರೆ ಅದು ದುಂಡಗಿರದೆ ನಾಲ್ಕು ಮೂಲೆಯಾಗಿರುವುದು ತಿಳಿಯುತ್ತದೆ. ಎಲೆಗಳು ಎದುರುಬದುರಾಗಿ ಜೋಡಿಜೋಡಿಯಾಗಿ ಹುಟ್ಟುತ್ತವೆ. ಒಂದು ಜೋಡಿ ಪೂರ್ವಪಶ್ಚಿಮವಾಗಿದ್ದರೆ ಅದರ ಮೇಲಿನ ಜೋಡಿ ಉತ್ತರದಕ್ಷಿಣವಾಗಿರುತ್ತದೆ. ಹೂವಿಗೆ ಮೇಲೊಂದು ಕೆಳಗೊಂದು ತುಟಿಗಳಿರುತ್ತವೆ. ಸ್ವೀಡನ್ನಿನ ಸಸ್ಯಶಾಸ್ತ್ರಜ್ಞ ಲಿನೇಯಸನು 1753ರಲ್ಲಿ ಈ ಗಿಡಕ್ಕೆ ಆಸಿಮಮ್ ಟೆನ್ಯುಯಿಫ್ಲೋರಮ್ ಎಂಬ ಹೆಸರನ್ನೂ 1767ರಲ್ಲಿ ಆಸಿಮಮ್ ಸ್ಯಾಂಕ್ಟಮ್ ಎಂಬ ಹೆಸರನ್ನೂ ಕೊಟ್ಟನು. ಎರಡನೆಯ ಹೆಸರಿಗೆ ಪವಿತ್ರವೆಂಬ ಅರ್ಥವಿದೆ. ಮೊದಲು ಕೊಟ್ಟ ಹೆಸರೇ ಸಲ್ಲಬೇಕೆಂಬ ನಿಯಮವಿರುವುದರಿಂದ ಇಂದು ವಿಜ್ಞಾನಿಗಳು ಮೊದಲಿನದನ್ನೇ ಬಳಸುತ್ತಾರೆ. ಹಸುರೆಲೆಯ ಶ್ರೀತುಳಸಿ, ಕಪ್ಪು ಮಿಶ್ರಿತ ನೇರಳೆಯೆಲೆಯ ಕೃಷ್ಣತುಳಸಿ ಎಂದು ಜನರು ಗುರುತಿಸುವ ಎರಡು ಬಗೆಗಳೂ ಇದೇ ಜಾತಿಗೆ ಸೇರಿದವು.

ತುಳಸಿಯ ಎಲೆಯನ್ನು ಸುಮ್ಮನೆ ಮೂಸಿದಾಗ ಬರುವ ವಾಸನೆಗಿಂತ ಅದನ್ನು ಹಿಸುಕಿದಾಗ ಬರುವ ವಾಸನೆ ಹೆಚ್ಚು. ಇದಕ್ಕೆ ಕಾರಣವುಂಟು. ಎಲೆಯ ಮೈಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಗ್ರಂಥಿಗಳಿವೆ. ಸುಗಂಧತೈಲ ಅವುಗಳಲ್ಲಿ ತುಂಬಿಕೊಂಡಿರುತ್ತದೆ. ಹಿಸುಕಿದಾಗ ಗ್ರಂಥಿ ಒಡೆದು ತೈಲ ಹೊರಬರುತ್ತದೆ. ಈ ತೈಲದಲ್ಲಿ ಯೂಜಿನಾಲ್ ಎಂಬ ದ್ರವ್ಯವಿದೆ. ಲವಂಗಕ್ಕೆ ಅದರ ಘಾಟನ್ನು ಕೊಡುವುದೂ ಇದೇ ದ್ರವ್ಯ. ತುಳಸಿಯನ್ನು ಅಗಿದಾಗ ಲವಂಗದ ನೆನಪಾಗುವುದು ಇದರಿಂದಲೇ. ಗಿಡವು ಈ ತೈಲವನ್ನು ಮನುಷ್ಯನಿಗಾಗಿ ತಯಾರಿಸುವುದಿಲ್ಲ. ಎಲೆಯನ್ನು ತಿನ್ನಬಂದ ಹುಳು, ಮೇಯಬಂದ ದನ ಇವುಗಳನ್ನು ಹಿಮ್ಮೆಟ್ಟಿಸುವ ಆಯುಧ ಅದು. ಎಲೆಯನ್ನು ಹೀಗೆ ಕಾಯ್ದುಕೊಳ್ಳುವ ಗಿಡವೇ ಹೂವಿನ ಬಳಿಗೆ ಬಂದವರಿಗೆ ಮಕರಂದವನ್ನು ಕೊಡುತ್ತದೆ. ಎಲೆಯನ್ನು ತಿಂದವನಿಂದ ಗಿಡಕ್ಕೆ ನಷ್ಟ. ಹೂವಿಗೆ ಬಂದವನಿಂದ ಲಾಭ.

ತುಳಸಿಯ ಹೂವು ಅತಿ ಚಿಕ್ಕದು. ನೇರಳೆ ಅಥವಾ ಬಿಳಿಯ ಬಣ್ಣದ ಆ ಹೂಗಳು ನೆಟ್ಟಗಿನ ತೆನೆಯ ಮೇಲೆ ಸುತ್ತುಸುತ್ತಾಗಿ ಜೋಡಣೆಗೊಂಡಿರುತ್ತವೆ. ಈ ತೆನೆಗೆ ಮಂಜರಿಯೆಂದೂ ಹೆಸರು. ಸಾಮಾನ್ಯವಾಗಿ ಒಂದೊಂದು ಸುತ್ತಿನಲ್ಲಿ ಆರು ಹೂಗಳಿರುತ್ತವೆ. ಒಂದು ಬದಿಗೆ ಮೂರು, ಎದುರು ಬದಿಗೆ ಮೂರು. ಕೆಳಗಿನ ಸುತ್ತು ಮೊದಲು ಅರಳುತ್ತದೆ. ಅದರ ಮೇಲಿನದು ಆಮೇಲೆ. ಕೆಳಗಿನ ಹೂವು ಬೀಜವಾಗುತ್ತಿರುವಾಗ ತುದಿಯಲ್ಲಿ ಇನ್ನೂ ಮೊಗ್ಗಿರುತ್ತದೆ. ಹೀಗೆ ಒಂದು ತೆನೆ ಮುಗಿಯುವಷ್ಟರಲ್ಲಿ ಪಕ್ಕದ ಕವಲಿನಲ್ಲಿ ಇನ್ನೊಂದು ತೆನೆ ಸಿದ್ಧವಾಗುತ್ತದೆ. ಆದುದರಿಂದ ತುಳಸಿಯ ಗಿಡ ತಿಂಗಳುಗಟ್ಟಲೆ ಹೂವಿನಿಂದ ಬರಿದಾಗುವುದಿಲ್ಲ. ಜೇನಿನ ದೃಷ್ಟಿಯಿಂದ ಇದು ಬಹು ದೊಡ್ಡ ಗುಣ. ಒಂದೇ ವಾರ ಔತಣ ನೀಡುವ ಮನೆಗಿಂತ ದಿನವೂ ಒಂದು ತುತ್ತು ನೀಡುವ ಮನೆಯೇ ಹಸಿದವನಿಗೆ ಆಸರೆ.

ತುಳಸಿಯ ಹೂವು ಜೇನಿಗೆ ಪರಾಗವನ್ನು ಅಂಟಿಸುವ ರೀತಿಯನ್ನು ತುಂಬೆಯ ಹೂವಿನೊಡನೆ ಹೋಲಿಸಿ ನೋಡಬೇಕು. ತುಂಬೆಯ ಹೂವಿನಲ್ಲಿ ಮೇಲಿನ ತುಟಿ ಕುಲಾವಿಯಂತೆ ಬಾಗಿರುತ್ತದೆ. ಕೇಸರಗಳು ಅದರ ಅಡಿಯಲ್ಲಿ ಅಡಗಿರುತ್ತವೆ. ಕೆಳತುಟಿಯ ಮೇಲೆ ಕುಳಿತ ಕೀಟ ತಲೆಯನ್ನು ಒಳಗೆ ತೂರಿಸಿದಾಗ ಪರಾಗವು ಮೇಲಿನಿಂದ ಅದರ ತಲೆಗೆ, ಬೆನ್ನಿಗೆ ಹತ್ತುತ್ತದೆ. ತುಳಸಿಯಲ್ಲಿ ಇದು ತಿರುವುಮುರುವು. ನಾಲ್ಕು ಕೇಸರಗಳೂ ಕೆಳತುಟಿಯ ಕಡೆಗೆ ಬಾಗಿ ಹೊರಚಾಚಿರುತ್ತವೆ. ಬಂದು ಕುಳಿತ ಕೀಟದ ಹೊಟ್ಟೆಗೆ, ಕಾಲಿಗೆ ಪರಾಗ ಮೆತ್ತಿಕೊಳ್ಳುತ್ತದೆ. ಒಂದೇ ನೊಣ ತುಂಬೆಗೂ ತುಳಸಿಗೂ ಹೋಗಿಬಂದರೆ ಒಂದರ ಪರಾಗ ಅದರ ಬೆನ್ನಿನ ಮೇಲೆ, ಇನ್ನೊಂದರ ಪರಾಗ ಅದರ ಹೊಟ್ಟೆಯ ಕೆಳಗೆ ಇರುತ್ತದೆ. ಒಂದೇ ಕುಟುಂಬದ ಎರಡು ಗಿಡಗಳು ಒಬ್ಬನೇ ಅಂಚೆಯವನ ಕೈಯಲ್ಲಿ ಎರಡು ಬೇರೆ ಚೀಲಗಳನ್ನು ಕೊಟ್ಟು ಕಳುಹಿಸಿದ ಹಾಗೆ.

ಕರ್ನಾಟಕದ ಹಳ್ಳಿಗಳಲ್ಲಿ ಹೆಜ್ಜೇನು, ತುಡುವೆಜೇನು, ಕೋಲುಜೇನು, ಮುಜಂಟಿ ಎಂಬ ನಾಲ್ಕು ಬಗೆಯ ಜೇನುಗಳನ್ನು ಜನರು ಬಲ್ಲರು. ಇವು ಗುಂಪಾಗಿ ಬಾಳುವ ಜೀವಿಗಳು. ಹೆಜ್ಜೇನು, ತುಡುವೆಜೇನು, ಕೋಲುಜೇನುಗಳು ಒಳ್ಳೆಯ ಹೂವಿನ ತಾಣವನ್ನು ಕಂಡರೆ ಗೂಡಿಗೆ ಮರಳಿ ಕುಣಿತದ ಮೂಲಕ ಅದರ ದಿಕ್ಕನ್ನೂ ದೂರವನ್ನೂ ಸಂಗಾತಿಗಳಿಗೆ ತಿಳಿಸುತ್ತವೆ. ಜೇನಿನ ಕುಣಿತದ ಈ ಗುಟ್ಟನ್ನು ಬಿಡಿಸಿದ ಆಸ್ಟ್ರಿಯದ ವಿಜ್ಞಾನಿ ಕಾರ್ಲ್ ಫಾನ್ ಫ್ರಿಶ್ ಅವರಿಗೆ 1973ರಲ್ಲಿ ನೊಬೆಲ್ ಪಾರಿತೋಷಕ ಲಭಿಸಿತು. ಬೆಳಿಗ್ಗೆ ತುಳಸಿಗಿಡಕ್ಕೆ ಒಂದು ನೊಣ ಬಂದು ಹೋದ ಮೇಲೆ ಸ್ವಲ್ಪ ಹೊತ್ತಿನಲ್ಲಿ ಹಲವು ನೊಣಗಳು ಬಂದರೆ, ನಡುವೆ ಇಂಥದೊಂದು ಕುಣಿತ ನಡೆದಿರಬಹುದು.

ಇವಲ್ಲದೆ ಒಂಟಿಯಾಗಿ ಬಾಳುವ ಜೇನುಗಳೂ ಉಂಟು. ಅವು ತುಪ್ಪ ಕೂಡಿಡುವುದಿಲ್ಲವಾದುದರಿಂದ ಜನರ ಗಮನಕ್ಕೆ ಬರುವುದು ಕಡಮೆ. ಅವುಗಳಲ್ಲಿ ಒಂದರ ಹೊಟ್ಟೆಯ ಮೇಲೆ ಹೊಳೆಯುವ ನೀಲಿ ಪಟ್ಟಿಗಳಿರುತ್ತವೆ. ಇದನ್ನು ನೀಲಿಪಟ್ಟೆ ಜೇನು ಎಂದು ಕರೆಯಬಹುದು. ಹೆಣ್ಣು ನೊಣ ನೆಲದಲ್ಲಿಯೋ ಮಣ್ಣಿನ ಗೋಡೆಯಲ್ಲಿಯೋ ಬಿಲ ತೋಡಿ, ಮರಿಗಳಿಗೆ ಬೇಕಾದ ಬುತ್ತಿಯನ್ನು ಒಬ್ಬಳೇ ಕಟ್ಟಿಡುತ್ತದೆ. ಗಂಡು ನೊಣಗಳು ರಾತ್ರಿ ಒಣಗಿದ ಕಡ್ಡಿಯನ್ನು ಬಾಯಿಯಿಂದ ಕಚ್ಚಿ ಹಿಡಿದು ಸಾಲಾಗಿ ಮಲಗುತ್ತವೆ. ಈ ಜೇನಿಗೆ ತುಳಸಿಯ ಹೂವೆಂದರೆ ಬಹು ಪ್ರೀತಿ. ಬಿಸಿಲೇರಿದ ಹೊತ್ತಿನಲ್ಲಿ ಗುಂಯ್ ಎನ್ನುತ್ತ ಒಂದು ತೆನೆಯಿಂದ ಇನ್ನೊಂದಕ್ಕೆ ಚಿಮ್ಮುವ ಇದನ್ನು ತಾಳ್ಮೆಯಿಂದ ನಿಂತವರು ಕಾಣಬಹುದು.

ಈ ನೊಣಕ್ಕೂ ಬದನೆಯ ಗಿಡಕ್ಕೂ ಇರುವ ಸಂಬಂಧ ಆಶ್ಚರ್ಯಕರವಾದುದು. ಎಣ್ಣೆಗಾಯಿ ಪಲ್ಯವಿಲ್ಲದೆ ಉತ್ತರ ಕರ್ನಾಟಕದ ಊಟ ಮುಗಿಯದು. ಆದರೆ ಬದನೆಯ ಹೂವು ತನ್ನ ಪರಾಗವನ್ನು ಎಲ್ಲರಿಗೂ ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಅದರ ಪರಾಗಕೋಶಗಳು ಉದ್ದಕ್ಕೆ ಬಿರಿಯುವುದಿಲ್ಲ. ಉಪ್ಪಿನ ಡಬ್ಬಿಯ ತೂತಿನಂತೆ ತುದಿಯಲ್ಲಿ ಮಾತ್ರ ಸಣ್ಣ ರಂಧ್ರಗಳಿರುತ್ತವೆ. ಗಾಳಿಗೆ ಅಲುಗಾಡಿದಾಗ ಸ್ವಲ್ಪ ಪರಾಗ ಉದುರಿ, ಕೆಲವು ಕಾಯಿಗಳು ಕಟ್ಟುತ್ತವೆ. ನೀಲಿಪಟ್ಟೆ ಜೇನು ಬಂದರೆ ಹಾಗಲ್ಲ. ಅದು ಹೂವನ್ನು ಬಿಗಿಯಾಗಿ ಹಿಡಿದು, ರೆಕ್ಕೆಯನ್ನು ಬಡಿಯದೆ, ರೆಕ್ಕೆಯ ಸ್ನಾಯುಗಳನ್ನು ಮಾತ್ರ ವೇಗವಾಗಿ ಕಂಪಿಸುತ್ತದೆ. ಆ ಕಂಪನಕ್ಕೆ ಪರಾಗವು ರಂಧ್ರಗಳಿಂದ ಪುಡಿಯಾಗಿ ಚಿಮ್ಮುತ್ತದೆ. ಟೊಮ್ಯಾಟೊ ಹೂವಿನಲ್ಲಿಯೂ ಹೀಗೆಯೇ. ತುಪ್ಪ ಕೊಡುವ ಜೇನುಗಳಿಗೆ ಈ ವಿದ್ಯೆ ತಿಳಿಯದು. ಆದರೆ ಬದನೆಯ ಹೂವಿನಲ್ಲಿ ಮಕರಂದವಿಲ್ಲ. ಅದು ಕೊಡುವುದು ಪರಾಗವನ್ನು ಮಾತ್ರ. ಹಾರುವ ನೊಣಕ್ಕೆ ಶಕ್ತಿ ಬರುವುದು ಮಕರಂದದ ಸಕ್ಕರೆಯಿಂದ. ಅದನ್ನು ಅದು ಬೇರೆಲ್ಲಿಂದಾದರೂ ಪಡೆಯಲೇಬೇಕು. ಬದನೆಯ ಮಡಿಯ ಪಕ್ಕದಲ್ಲಿ ತೆನೆ ಬಿಟ್ಟ ತುಳಸಿಯಿದ್ದರೆ ನೊಣಕ್ಕೆ ಎರಡೂ ಒಂದೇ ಹಿತ್ತಿಲಿನಲ್ಲಿ ದೊರೆಯುತ್ತವೆ. ತುಳಸಿಯ ಹೂವು ಅಡುಗೆಮನೆಗೆ ಉಪಕಾರ ಮಾಡುವುದು ಹೀಗೆ.

ಇಷ್ಟೆಲ್ಲ ಇದ್ದರೂ ಬಹಳ ಮನೆಗಳಲ್ಲಿ ತುಳಸಿಯ ತೆನೆಯನ್ನು ಮೂಡಿದೊಡನೆ ಚಿವುಟುವ ರೂಢಿಯಿದೆ. ಇದು ತಿಳಿಯದೆ ಮಾಡುವ ಕೆಲಸವಲ್ಲ. ತೆನೆಯನ್ನು ಚಿವುಟಿದರೆ ಗಿಡದ ಸತ್ತ್ವ ಬೀಜಕ್ಕೆ ಹೋಗದೆ ಎಲೆಗೆ ಹೋಗುತ್ತದೆ. ಪಕ್ಕದ ಕವಲುಗಳು ಒಡೆದು ಗಿಡ ಪೊದೆಯಾಗುತ್ತದೆ. ಅದರ ಆಯುಷ್ಯವೂ ಹೆಚ್ಚುತ್ತದೆ. ನಿಪ್ಪಾಣಿಯ ತಂಬಾಕಿನ ಹೊಲದಲ್ಲಿ ನಡೆಯುವುದೂ ಇದೇ ಲೆಕ್ಕ. ಪೂಜೆಗೆ ದಳ ಬೇಕಾದವರಿಗೆ, ಕೆಮ್ಮು ನೆಗಡಿಯ ಕಷಾಯಕ್ಕೆ ಎಲೆ ಬೇಕಾದವರಿಗೆ ಚಿವುಟುವುದು ಸರಿಯಾದ ಕ್ರಮವೇ. ಆದರೆ ಎಲ್ಲ ಗಿಡಗಳನ್ನೂ ಎಲ್ಲ ಕಾಲದಲ್ಲಿಯೂ ಚಿವುಟಿದರೆ ಜೇನಿಗೆ ಹೂವಿಲ್ಲ, ಮುಂದಿನ ವರ್ಷಕ್ಕೆ ಬೀಜವೂ ಇಲ್ಲ. ಕಟ್ಟೆಯ ಮೇಲಿನ ಗಿಡವನ್ನು ದಳಕ್ಕಾಗಿ ಇಟ್ಟುಕೊಂಡು, ಹಿತ್ತಿಲಿನಲ್ಲಿಯೋ ಬದುವಿನ ಮೇಲೆಯೋ ಹತ್ತಿಪ್ಪತ್ತು ಗಿಡಗಳನ್ನು ಹೂವಿಗೂ ಬೀಜಕ್ಕೂ ಬಿಟ್ಟರೆ ಎರಡು ಉದ್ದೇಶಗಳೂ ಈಡೇರುತ್ತವೆ. ಅಷ್ಟು ಗಿಡಗಳನ್ನು ಬೆಳೆಸುವುದಕ್ಕೆ ಬೇಕಾದುದು ಒಂದು ಚಿಟಿಕೆ ಬೀಜ ಮಾತ್ರ.

ತುಳಸಿಯನ್ನು ಕಡ್ಡಿ ನೆಟ್ಟು ಬೆಳೆಸಲೂ ಬರುತ್ತದೆ. ಆದರೆ ಕಡ್ಡಿಯಿಂದ ಬಂದ ಗಿಡ ತಾಯಿಗಿಡದ ಪಡಿಯಚ್ಚು. ಅದಕ್ಕೆ ಬಂದ ರೋಗ ಇದಕ್ಕೂ ತಪ್ಪದು. ಬೀಜದಿಂದ ಬಂದ ಗಿಡಗಳಲ್ಲಿ ಒಂದರಂತೆ ಇನ್ನೊಂದಿರುವುದಿಲ್ಲ. ಒಂದು ಬೇಗ ಹೂ ಬಿಟ್ಟೀತು, ಇನ್ನೊಂದು ತಡವಾಗಿ ಬಿಟ್ಟೀತು; ಒಂದು ಬಿಸಿಲನ್ನು ತಾಳೀತು, ಇನ್ನೊಂದು ತೇವವನ್ನು ತಾಳೀತು. ಈ ಭೇದವೇ ಕಷ್ಟಕಾಲದಲ್ಲಿ ಗಿಡದ ಸಂತಾನವನ್ನು ಉಳಿಸುತ್ತದೆ. ಆದುದರಿಂದ ಬೀಜದಿಂದ ಬೆಳೆಸುವುದೇ ಲೇಸು.

ಬಿತ್ತನೆಗೆ ಮೇ ತಿಂಗಳ ಕೊನೆಯ ಭಾಗ ಯೋಗ್ಯವಾದ ಕಾಲ. ಜೇನಿನ ಉಪಕಾರವನ್ನು ನೆನೆಯಲೆಂದು ವಿಶ್ವಸಂಸ್ಥೆಯು 2018ರಿಂದ ಮೇ 20ನ್ನು ವಿಶ್ವ ಜೇನುನೊಣ ದಿನವಾಗಿ ಆಚರಿಸುತ್ತಿರುವುದರಿಂದ, ಆ ದಿನವೇ ಬಿತ್ತಿದರೆ ಅರ್ಥಪೂರ್ಣವಾದೀತು. ಮನೆಯ ಬಳಕೆಗೆ ಅಗಲವಾದ ಒಂದು ಕುಂಡ ಸಾಕು. ಹೆಚ್ಚು ಗಿಡಗಳು ಬೇಕಾದರೆ ಸಸಿಮಡಿ ಮಾಡಬೇಕು. ಮಡಿ ಸುತ್ತಲಿನ ನೆಲಕ್ಕಿಂತ ಸುಮಾರು 15 ಸೆಂಟಿಮೀಟರ್ ಎತ್ತರವಾಗಿರಬೇಕು. ಎರಡು ಬದಿಯಿಂದಲೂ ಕೈಗೆಟಕುವಂತೆ ಅಗಲ 1.2 ಮೀಟರಿಗೆ ಮೀರಬಾರದು. ಕೃಷ್ಣಾತೀರದ ಕಪ್ಪು ಮಣ್ಣು ನೀರನ್ನು ಬಹಳ ಹೊತ್ತು ಹಿಡಿದಿಡುತ್ತದೆ. ತುಳಸಿಗೆ ತೇವ ಬೇಕು, ಆದರೆ ನಿಂತ ನೀರು ಆಗದು. ಆದುದರಿಂದ ಮಣ್ಣಿಗೆ ಮರಳನ್ನೂ ಚೆನ್ನಾಗಿ ಕಳಿತ ತಿಪ್ಪೆಗೊಬ್ಬರವನ್ನೂ ಬೆರೆಸಿ, ಹೆಂಟೆಗಳನ್ನು ಒಡೆದು, ಮಡಿಯ ಮೈಯನ್ನು ನುಣುಪಾಗಿ ಸಮಗೊಳಿಸಬೇಕು.

ತುಳಸಿಯ ಬೀಜ ಸಾಸಿವೆಗಿಂತ ಚಿಕ್ಕದು. ಒಂದು ಗ್ರಾಂ ತೂಕದಲ್ಲಿ ಸಾವಿರಾರು ಬೀಜಗಳಿರುತ್ತವೆ. ಹಾಗೆಯೇ ಚೆಲ್ಲಿದರೆ ಒಂದೇ ಕಡೆ ಗುಂಪಾಗಿ ಬೀಳುತ್ತವೆ. ಆದುದರಿಂದ ಒಂದು ಪಾಲು ಬೀಜಕ್ಕೆ ನಾಲ್ಕು ಪಾಲು ಒಣ ಮರಳನ್ನು ಬೆರೆಸಿ ತೆಳ್ಳಗೆ ಚೆಲ್ಲಬೇಕು. ಇಲ್ಲಿ ಆಗುವ ದೊಡ್ಡ ತಪ್ಪೆಂದರೆ ಬೀಜವನ್ನು ಆಳಕ್ಕೆ ಹೂಳುವುದು. ಜೋಳದ ಕಾಳಿನಲ್ಲಿ ಮೊಳಕೆಗೆ ಬೇಕಾದ ಆಹಾರ ಸಾಕಷ್ಟಿರುತ್ತದೆ. ಅದು ಮಣ್ಣಿನ ದಪ್ಪ ಪದರವನ್ನು ಸೀಳಿಕೊಂಡು ಮೇಲೆ ಬರಬಲ್ಲದು. ತುಳಸಿಯ ಬೀಜದಲ್ಲಿರುವ ಬುತ್ತಿ ಅಷ್ಟಿಲ್ಲ. ಆಳದಲ್ಲಿ ಬಿದ್ದರೆ ಮೇಲೆ ಬರುವ ಮೊದಲೇ ಅದು ತೀರಿಹೋಗುತ್ತದೆ. ಸೋಸಿದ ಗೊಬ್ಬರದ ಪುಡಿಯನ್ನು ಬೀಜ ಮರೆಯಾಗುವಷ್ಟು ಮಾತ್ರ ಉದುರಿಸಿ, ಅಂಗೈಯಿಂದ ಮೆಲ್ಲಗೆ ಒತ್ತಿದರೆ ಸಾಕು.

ನೀರನ್ನು ಕೊಡದಿಂದ ಸುರಿಯಬಾರದು, ಬೀಜ ಕೊಚ್ಚಿಹೋಗುತ್ತದೆ. ಸಣ್ಣ ತೂತುಗಳ ಝಾರಿಯಿಂದ ಚಿಮುಕಿಸಬೇಕು. ಬೀಜ ನೆನೆದಾಗ ಅದರ ಸುತ್ತ ಲೋಳೆಯ ತೆಳುಪದರ ಏಳುತ್ತದೆ. ಪಾನಕಕ್ಕೆ ಹಾಕುವ ಕಾಮಕಸ್ತೂರಿಯ ಬೀಜ ಉಬ್ಬಿ ಮುತ್ತಿನಂತಾಗುವುದನ್ನು ಅನೇಕರು ಕಂಡಿರುತ್ತಾರೆ. ತುಳಸಿಯಲ್ಲಿ ಈ ಪದರ ಅದಕ್ಕಿಂತ ತೆಳು. ಈ ಲೋಳೆ ಬೀಜವನ್ನು ಮಣ್ಣಿಗೆ ಅಂಟಿಸುತ್ತದೆ, ತೇವವನ್ನೂ ಹಿಡಿದಿಡುತ್ತದೆ. ಮಡಿಯ ಸುತ್ತ ಬೂದಿಯನ್ನು ಗೆರೆಯಾಗಿ ಹಾಕಿದರೆ ಇರುವೆಗಳ ಕಾಟ ತಗ್ಗುತ್ತದೆ. ಸುಡುಬಿಸಿಲು ತಾಗದಂತೆ ಒಣಗಿದ ಕಬ್ಬಿನ ರವದಿಯನ್ನು ತೆಳ್ಳಗೆ ಹೊದಿಸಬಹುದು. ಮೊಳಕೆ ಕಂಡ ಕೂಡಲೆ ಅದನ್ನು ತೆಗೆಯಬೇಕು. ಸಾಮಾನ್ಯವಾಗಿ 8ರಿಂದ 12 ದಿನಗಳಲ್ಲಿ ಎರಡು ಪುಟ್ಟ ಬೀಜದಳಗಳು ನೆಲದ ಮೇಲೆ ತಲೆಯೆತ್ತುತ್ತವೆ. ಅವಕ್ಕೆ ತುಳಸಿಯ ಎಲೆಯ ರೂಪವಿರುವುದಿಲ್ಲ. ಅದನ್ನು ಕಳೆಯೆಂದು ಭಾವಿಸಿ ಕೀಳುವವರುಂಟು. ಮುಂದೆ ಬರುವ ಜೋಡಿ ಎಲೆಗಳಲ್ಲಿ ಮಾತ್ರ ತುಳಸಿಯ ಗುರುತೂ ಗಂಧವೂ ಕಾಣುತ್ತವೆ. ಸಸಿಗಳು ಒತ್ತಾಗಿದ್ದರೆ ಬುಡ ಕೊಳೆತು ಬೀಳುತ್ತವೆ. ಆಗ ನಡುನಡುವೆ ಕಿತ್ತು ತೆಳ್ಳಗೆ ಮಾಡಬೇಕು.

ಬಿತ್ತಿ ಸುಮಾರು ಆರು ವಾರಗಳಾದ ಮೇಲೆ, ನಾಲ್ಕೈದು ಎಲೆಗಳು ಮೂಡಿದಾಗ, ಸಸಿಗಳನ್ನು ಕಿತ್ತು ನೆಡಬಹುದು. ಸಸಿಗೆ ಸಸಿಗೆ 40ರಿಂದ 45 ಸೆಂಟಿಮೀಟರ್ ಅಂತರ ಬೇಕು. ಮೋಡ ಕವಿದ ದಿನ ಅಥವಾ ಸಂಜೆಯ ಹೊತ್ತು ನೆಟ್ಟರೆ ಸಸಿ ಬಾಡುವುದಿಲ್ಲ. ಈ ಹೊತ್ತಿಗೆ ಜುಲೈ ತಿಂಗಳು ಬಂದಿರುತ್ತದೆ. ಕೃಷ್ಣೆಯಲ್ಲಿ ನೀರು ಏರುವ ಕಾಲವೂ ಅದೇ. ಸಹ್ಯಾದ್ರಿಯಲ್ಲಿ ಬಿದ್ದ ಮಳೆಗೆ ಇಲ್ಲಿ ನದಿ ಉಕ್ಕುತ್ತದೆ. ಕಲ್ಲೋಳ ಯಡೂರುಗಳ ನಡುವಣ ಸೇತುವೆ ಮಳೆಗಾಲದಲ್ಲಿ ಅನೇಕ ಸಲ ಮುಳುಗಿದೆ. 2005, 2019 ಮತ್ತು 2021ರಲ್ಲಿ ಈ ಭಾಗದ ನದೀತೀರದ ಊರುಗಳು ಮಹಾಪೂರದಿಂದ ಬಹಳ ನೊಂದವು. ಆದುದರಿಂದ ತಗ್ಗಿನ ಹಿತ್ತಿಲಿರುವವರು ಸಸಿಗಳನ್ನು ಅವಸರದಿಂದ ನೆಲಕ್ಕೆ ಇಳಿಸದೆ, ಕುಂಡಗಳಲ್ಲಿಯೋ ಹಳೆಯ ಡಬ್ಬಿಗಳಲ್ಲಿಯೋ ಎತ್ತರದಲ್ಲಿ ಇಟ್ಟುಕೊಂಡು, ನೆರೆಯ ಭಯ ಕಳೆದ ಮೇಲೆ ನೆಡುವುದು ವಿವೇಕ.

ಗಿಡ ಗೇಣುದ್ದ ಬೆಳೆದಾಗ ತುದಿಯ ಕುಡಿಯನ್ನು ಒಮ್ಮೆ ಚಿವುಟಬೇಕು. ಆಗ ಕವಲುಗಳು ಒಡೆದು ತೆನೆಗಳ ಸಂಖ್ಯೆ ಹೆಚ್ಚುತ್ತದೆ. ಬೀಜಕ್ಕೆ ಬಿಟ್ಟ ಗಿಡಗಳನ್ನು ಆಮೇಲೆ ಮುಟ್ಟಬಾರದು. ಬುಡದಲ್ಲಿ ಕಳೆ ತೆಗೆದು, ಮಳೆ ನಿಂತ ಮೇಲೆ ವಾರಕ್ಕೊಮ್ಮೆ ನೀರು ಕೊಟ್ಟರೆ ಸಾಕಾಗುತ್ತದೆ. ಹೂವಿರುವಾಗ ಕೀಟನಾಶಕವನ್ನು ಸಿಂಪಡಿಸಲೇಕೂಡದು. ಪಕ್ಕದ ಬೆಳೆಗೆ ಔಷಧ ಹೊಡೆಯುವುದು ಅನಿವಾರ್ಯವಾದರೆ, ಜೇನುಗಳು ಗೂಡಿಗೆ ಮರಳಿದ ಸಂಜೆಯ ವೇಳೆಯನ್ನು ಆರಿಸಿಕೊಳ್ಳಬೇಕು. ಕರೆದು ಉಣಬಡಿಸಿದ ಅತಿಥಿಗೆ ವಿಷವಿಕ್ಕಿದ ಪಾಪ ಆ ಎಚ್ಚರದಿಂದ ತಪ್ಪುತ್ತದೆ.

ತೆನೆಯ ಮುಕ್ಕಾಲು ಭಾಗ ಕಂದುಬಣ್ಣಕ್ಕೆ ತಿರುಗಿದಾಗ ಬೀಜ ಬಲಿತಿದೆಯೆಂದು ತಿಳಿಯಬೇಕು. ಒಂದೊಂದು ಹೂವಿನ ಒಣಗಿದ ಬಟ್ಟಲಿನಲ್ಲಿ ಹೆಚ್ಚೆಂದರೆ ನಾಲ್ಕು ಬೀಜಗಳಿರುತ್ತವೆ. ಒಂದು ಸುತ್ತಿಗೆ ಆರು ಹೂವಿನಂತೆ 24 ಬೀಜ. ತೆನೆಯಲ್ಲಿ 15 ಸುತ್ತುಗಳಿದ್ದರೆ 360 ಬೀಜ. ಆದರೆ ಎಲ್ಲ ಬಟ್ಟಲುಗಳೂ ತುಂಬಿರುವುದಿಲ್ಲ. ಪರಾಗ ಮುಟ್ಟದ ಹೂವಿನ ಬಟ್ಟಲು ಬರಿದಾಗಿರುತ್ತದೆ. ಆದುದರಿಂದ ಒಣಗಿದ ತೆನೆ ಒಂದು ಲೆಕ್ಕದ ಪುಸ್ತಕವಿದ್ದಂತೆ; ಆ ಹಿತ್ತಿಲಿಗೆ ಜೇನು ಎಷ್ಟು ಬಂದಿತ್ತೆಂಬುದು ಅದರಿಂದ ತಕ್ಕಮಟ್ಟಿಗೆ ತಿಳಿಯುತ್ತದೆ. ಇಬ್ಬನಿ ಆರಿದ ಮೇಲೆ ತೆನೆಗಳನ್ನು ಕತ್ತರಿಸಿ, ನೆರಳಿನಲ್ಲಿ ನಾಲ್ಕೈದು ದಿನ ಒಣಗಿಸಿ, ಅಂಗೈಗಳ ನಡುವೆ ಉಜ್ಜಿ, ಹೊಟ್ಟನ್ನು ಮೆಲ್ಲಗೆ ಊದಿ ಹಾರಿಸಬೇಕು. ಉಳಿದ ಬೀಜವನ್ನು ಕಾಗದದ ಪೊಟ್ಟಣದಲ್ಲಿ ಕಟ್ಟಿ, ತಿಂಗಳು ವರ್ಷಗಳನ್ನು ಬರೆದು, ಬಿಗಿಯಾದ ಬಿರಡೆಯ ಶೀಷೆಯಲ್ಲಿ ಹಾಕಿ, ತೇವ ಮುಟ್ಟದ ಎತ್ತರದ ಜಾಗದಲ್ಲಿ ಇಡಬೇಕು. ನೆರೆ ಬಂದು ಅಂಗಳದ ಗಿಡ ಕೊಚ್ಚಿಹೋದರೂ ಅಟ್ಟದ ಮೇಲಿನ ಆ ಶೀಷೆಯಲ್ಲಿ ನೂರಾರು ಗಿಡಗಳು ಕಾದಿರುತ್ತವೆ.

ಬೀಜ ಚೆನ್ನಾಗಿದೆಯೇ ಎಂಬುದನ್ನು ವಿದ್ಯಾರ್ಥಿಗಳು ತಾವೇ ಪರೀಕ್ಷಿಸಬಹುದು. 50 ಬೀಜಗಳನ್ನು ಎಣಿಸಿ ಒದ್ದೆ ಬಟ್ಟೆಯ ಮೇಲೆ ಹರಡಿ, ಬೆಚ್ಚಗಿನ ಬೆಳಕಿರುವ ಸ್ಥಳದಲ್ಲಿ ಇಟ್ಟು, ಬಟ್ಟೆ ಒಣಗದಂತೆ ನೋಡಿಕೊಳ್ಳಬೇಕು. ಎರಡು ವಾರಗಳಲ್ಲಿ 35 ಬೀಜಗಳು ಮೊಳೆತರೆ ನೂರಕ್ಕೆ 70ರಷ್ಟು ಬೀಜ ಜೀವಂತವಾಗಿದೆಯೆಂದು ಅರ್ಥ. ಹೂ ಬಿಟ್ಟ ಮೇಲೆ ಇನ್ನೊಂದು ಪರೀಕ್ಷೆ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಹತ್ತು ಹತ್ತು ನಿಮಿಷ ಗಿಡದ ಬಳಿ ಸುಮ್ಮನೆ ಕುಳಿತು, ಯಾವ ಬಗೆಯ ಕೀಟ ಎಷ್ಟು ಸಲ ಬಂತೆಂದು ಬರೆದಿಡಬೇಕು. ಒಂದು ತೆನೆಗೆ ತೆಳು ಬಟ್ಟೆಯ ಚೀಲ ಕಟ್ಟಿ, ಇನ್ನೊಂದನ್ನು ಹಾಗೆಯೇ ಬಿಟ್ಟು, ಕೊನೆಗೆ ಎರಡರ ಬೀಜಗಳನ್ನೂ ಎಣಿಸಿ ಹೋಲಿಸಿದರೆ ಜೇನಿನ ದುಡಿಮೆಯ ಬೆಲೆ ಅಂಕಿಗಳಲ್ಲಿಯೇ ಗೊತ್ತಾಗುತ್ತದೆ.

ತುಳಸಿಯನ್ನು ಗೌರವಿಸುವ ಸಂಪ್ರದಾಯ ಈ ಗಡಿನಾಡಿನಲ್ಲಿ ಆಳವಾಗಿ ಬೇರೂರಿದೆ. ಆಷಾಢದಲ್ಲಿ ಪಂಢರಪುರಕ್ಕೆ ಕಾಲ್ನಡಿಗೆಯಲ್ಲಿ ಹೊರಡುವ ವಾರಕರಿಗಳ ಕೊರಳಿನಲ್ಲಿ ತುಳಸಿಯ ಮಣಿಮಾಲೆಯಿರುತ್ತದೆ; ಹೆಂಗಸರು ತುಳಸಿಯ ಗಿಡವನ್ನೇ ತಲೆಯ ಮೇಲೆ ಹೊತ್ತು ನಡೆಯುತ್ತಾರೆ. ಕಾರ್ತಿಕ ಮಾಸದ ಶುದ್ಧ ದ್ವಾದಶಿಯಿಂದ ತುಳಸಿಯ ಲಗ್ನ ಆರಂಭವಾಗುತ್ತದೆ. ಆಗ ತುಳಸಿಕಟ್ಟೆಯ ಸುತ್ತ ಕಬ್ಬಿನ ಗಳುಗಳನ್ನು ನಿಲ್ಲಿಸಿ ಮಂಟಪ ಕಟ್ಟುತ್ತಾರೆ. ವರ್ಷವಿಡೀ ಹೊಲದಲ್ಲಿ ಬೆಳೆದ ಕಬ್ಬು ಆ ದಿನ ಅಂಗಳದ ಪುಟ್ಟ ಗಿಡಕ್ಕೆ ನೆರಳಾಗಿ ನಿಲ್ಲುತ್ತದೆ. ಮೇ ತಿಂಗಳಿನಲ್ಲಿ ಬಿತ್ತಿದ ತುಳಸಿ ತೆನೆ ತುಂಬಿ ನಿಲ್ಲುವ ಕಾಲವೂ ಸರಿಸುಮಾರು ಅದೇ.

ಹೊಲದಲ್ಲಿಯೂ ಇಂಥದೊಂದು ಹೊಂದಿಕೆ ಸಾಧ್ಯವಿದೆ. ಕಬ್ಬಿನಿಂದ ಬರುವ ಆದಾಯವನ್ನು ಬಿಡಬೇಕೆಂದು ಯಾರೂ ರೈತನಿಗೆ ಹೇಳಲಾರರು. ಆದರೆ ಕಬ್ಬಿನ ಬದುವಿಗೆ, ಬದನೆಯ ಮಡಿಯ ಅಂಚಿಗೆ, ಶಾಲೆಯ ಆವರಣದ ಮೂಲೆಗೆ ಒಂದು ಸಾಲು ತುಳಸಿ ನೆಡುವುದಕ್ಕೆ ಹಣವೂ ಹೆಚ್ಚಿನ ನೆಲವೂ ಬೇಡ. ಗಿಡ ನೆಟ್ಟ ಮೇಲೆ ಉಳಿಯುವ ಕೆಲಸವೆಂದರೆ ಅದು ತೆನೆ ಬಿಟ್ಟಾಗ ಕೈ ತಡೆದುಕೊಳ್ಳುವುದು. ಎಲೆಗಾಗಿ ಚಿವುಟುವ ಕೈ ಹೂವಿಗಾಗಿ ಒಮ್ಮೊಮ್ಮೆ ಸುಮ್ಮನಿದ್ದರೆ ಜೇನಿಗೆ ಆಹಾರ ದೊರೆಯುತ್ತದೆ, ಹಿತ್ತಿಲಿನಲ್ಲಿ ಕಾಯಿ ಕಟ್ಟುತ್ತದೆ, ಮುಂದಿನ ವರ್ಷದ ಬಿತ್ತನೆಗೆ ಬೀಜವೂ ಉಳಿಯುತ್ತದೆ.